ಹಳೇಬೀಡಿನ ದಾರಿಗೆ ಯಾವ ಸ್ಪ್ರಿಂಗು?

ಅರಸೀಕೆರೆಯವರೆಗೆ ರೈಲು, ಅಲ್ಲಿಂದಾಚೆ ರಸ್ತೆ. ಹೊಯ್ಸಳರ ಗುಡಿಗಳನ್ನು ನೋಡಲು ಬರುವವರ ಪಾಡು ಬಹುಕಾಲ ಇದೇ ಆಗಿತ್ತು. ಬೆಂಗಳೂರಿನಿಂದ ಹರಿಹರಕ್ಕೆ ಮೀಟರ್ ಗೇಜ್ ಹಳಿ ಬಿದ್ದದ್ದು 1880ರ ದಶಕದಲ್ಲಿ. ಮೈಸೂರಿನಿಂದ ಹಾಸನದ ಮೇಲೆ ಹಾದು ಬಂದ ಇನ್ನೊಂದು ಹಳಿ 1910ರ ದಶಕದ ಕೊನೆಗೆ ಅದನ್ನು ಕೂಡಿಕೊಂಡು ಅರಸೀಕೆರೆಯನ್ನು ಜಂಕ್ಷನ್ ಮಾಡಿತು. ಬೇಲೂರಿಗಾಗಲಿ ಹಳೇಬೀಡಿಗಾಗಲಿ ಆಗ ರೈಲಿಲ್ಲ. ಅರಸೀಕೆರೆಯಲ್ಲೋ ಬಾಣಾವರದಲ್ಲೋ ಇಳಿದು ಜಾವಗಲ್ ದಾಟಿದರೆ ಹಳೇಬೀಡು. ಅಲ್ಲಿಂದ 16 ಕಿ.ಮೀ. ಮುಂದೆ ಬೇಲೂರು. ಈ ದಾರಿಯಲ್ಲಿ ಪ್ರಯಾಣಿಕರ ಬೆನ್ನು ಕಾಪಾಡಿದ ವಿದ್ಯೆಗೂ ಒಂದು ಚರಿತ್ರೆಯಿದೆ.

ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ಆದದ್ದು 1117ರಲ್ಲಿ. ಹಳೇಬೀಡಿನ ಹೊಯ್ಸಳೇಶ್ವರದ ಕೆಲಸ ಶುರುವಾದದ್ದು 1121ರ ಸುಮಾರಿಗೆ. ಅಲ್ಲಿನ ಹೊರಗೋಡೆಯಲ್ಲಿ ರಾಮಾಯಣ, ಮಹಾಭಾರತದ ಕಾಳಗಗಳು ಸಾಲಾಗಿ ಬರುತ್ತವೆ; ರಥಿಕರು ಬಾಣ ಬಿಡುತ್ತಲೇ ಇರುತ್ತಾರೆ. ಅಂಥ ರಥಕ್ಕಾಗಲಿ, ಆ ಕಾಲದ ಬಂಡಿಗಾಗಲಿ ಸ್ಪ್ರಿಂಗ್ ಎಂಬುದಿಲ್ಲ. ಚಕ್ರ ಅಚ್ಚಿಗೆ, ಅಚ್ಚು ನೇರವಾಗಿ ಮೂಕಿಗೆ. ನೆಲದ ಏಟು ಸೀದಾ ಮೇಲಕ್ಕೆ.

ಎತ್ತಿನ ಗಾಡಿಯಲ್ಲೂ ಇದೇ ಕಥೆ. ನೆಂಟರ ಮನೆಗೋ ಜಾತ್ರೆಗೋ ಹೊರಟರೆ ಗಾಡಿಗೆ ಮಂಡಿಯುದ್ದ ನೆಲ್ಲುಹುಲ್ಲು ಹಾಸಿ, ಮೇಲೆ ಜಮಖಾನ ಹರಡುತ್ತಿದ್ದರು. ಸಸ್ಪೆನ್ಷನ್ ಅಂದರೆ ಅಷ್ಟೇ. ಒಂದರ ಮೇಲೊಂದು ಉಕ್ಕಿನ ಪಟ್ಟಿ ಜೋಡಿಸಿ ಬಾಗಿಸಿದ ಸ್ಪ್ರಿಂಗನ್ನು ಗಾಡಿಗೆ ಕಟ್ಟುವ ಕ್ರಮಕ್ಕೆ ಇಂಗ್ಲೆಂಡಿನ ಒಬಡಯ ಎಲಿಯಟ್ ಪೇಟೆಂಟ್ ಪಡೆದದ್ದು 1804ರಲ್ಲಿ. ನಮ್ಮ ಕಡೆ ಅದನ್ನು ಜನಸಾಮಾನ್ಯರಿಗೆ ಪರಿಚಯಿಸಿದ್ದು ಸ್ಟೇಷನ್ ಎದುರಿನ ಜಟಕಾ. ಎರಡೇ ಚಕ್ರದ ಆ ಗಾಡಿಯಲ್ಲಿ ಭಾರ ಹಿಂದಾದರೆ ಮೂಕಿ ಮೇಲೇಳುತ್ತದೆ, ಮುಂದಾದರೆ ಕುದುರೆಯ ಬೆನ್ನಿಗೆ ಬೀಳುತ್ತದೆ. ಅದಕ್ಕೇ ಜಟಕಾದವರು ‘ಸ್ವಲ್ಪ ಮುಂದಕ್ಕೆ ಬನ್ನಿ ಸ್ವಾಮಿ’ ಎಂದು ಜನರನ್ನು ಸರಿಸಿ ಕೂರಿಸುತ್ತಿದ್ದರು. ಸ್ಪ್ರಿಂಗಿನ ಸುಖ ಭಾರವನ್ನು ಅವಲಂಬಿಸಿದೆ ಎಂಬುದು ಅವರಿಗೆ ಯಾವ ಪುಸ್ತಕವೂ ಇಲ್ಲದೆ ಗೊತ್ತಿತ್ತು.

1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ಸಾರಿಗೆ ಇಲಾಖೆ ಆರಂಭಿಸಿತು. ಬಸ್ಸಿನ ಅಡಿಯಲ್ಲಿದ್ದದ್ದೂ ಅದೇ ಪಟ್ಟಿಗಳ ಕಟ್ಟು. ತುಂಬಿದ ಬಸ್ಸು ತೂಗುತ್ತಾ ಹೋಗುತ್ತದೆ. ಅದೇ ಬಸ್ಸು ಖಾಲಿಯಾದರೆ ಹಿಂದಿನ ಸೀಟಿನವರು ಎಗರಿ ಬೀಳುತ್ತಾರೆ.

ಬಳಿಕ ಬಂತು ಅಂಬಾಸಿಡರ್. ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರನ್ನು ಆಧರಿಸಿ ಹಿಂದೂಸ್ತಾನ್ ಮೋಟಾರ್ಸ್ ಬಂಗಾಳದ ಉತ್ತರಪಾರದಲ್ಲಿ 1950ರ ದಶಕದ ಕೊನೆಯಿಂದ ಇದನ್ನು ತಯಾರಿಸಿತು. ಮುಂದೆ ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಏಟು ನುಂಗುವ ಉಕ್ಕಿನ ಸರಳು. ಹಿಂದೆ ಲೀಫ್ ಸ್ಪ್ರಿಂಗ್, ಅಂದರೆ ಅದೇ ಪಟ್ಟಿಗಳ ಕಟ್ಟು. ಮೆತ್ತನೆ ಸೀಟು, ಭಾರವಾದ ಒಡಲು ಜೊತೆಗೂಡಿ ಟ್ಯಾಕ್ಸಿಯವರಿಗೆ ಇದು ಅಚ್ಚುಮೆಚ್ಚಾಯಿತು. ಹಿಂಬದಿಯವರೆಗೂ ಚಾವಣಿ ಚಾಚಿ, ಸಾಮಾನು ತುಂಬಲು ಬಾಗಿಲಿಟ್ಟ ಅಂಬಾಸಿಡರ್ ಎಸ್ಟೇಟ್ ಕೂಡ ಇತ್ತು. 1992ರಲ್ಲಿ ಅದೇ ಬಗೆಯ ಟಾಟಾ ಎಸ್ಟೇಟ್ ಬಂತು.

ಎಸ್ಟೇಟ್ ಕಾರಿನ ತೊಡಕು ಇರುವುದು ಅದರ ಗುಣದಲ್ಲೇ. ಹಿಂದೆ ಮೂಟೆ ಹೊರಲೆಂದು ಗಟ್ಟಿ ಸ್ಪ್ರಿಂಗ್ ಹಾಕಿದರೆ, ಇಬ್ಬರೇ ಕೂತು ಹೊರಟ ದಿನ ಅದು ಬಾಗುವುದೇ ಇಲ್ಲ. ಮೆತ್ತನೆಯದು ಹಾಕಿದರೆ ತುಂಬು ಭಾರಕ್ಕೆ ಹಿಂಭಾಗ ಕುಸಿದು, ಹಂಪ್ ಬಂದಾಗ ತಳ ಬಡಿಯುತ್ತದೆ. ಹೀಗೆ ಕುಸಿದ ಕಾರಿಗೆ ಒಂದು ಹೆಚ್ಚುವರಿ ಪ್ಲೇಟ್ ಸೇರಿಸುವುದು ಗ್ಯಾರೇಜಿನ ಹಳೆಯ ಉಪಾಯ. ಎತ್ತರ ಬರುತ್ತದೆ, ಸುಖ ಹೋಗುತ್ತದೆ. ಪ್ಲೇಟುಗಳ ನಡುವೆ ತುಕ್ಕು ಹಿಡಿದರೂ ಫಲ ಅದೇ: ಒಂದರ ಮೇಲೊಂದು ಜಾರಬೇಕಾದ ಪಟ್ಟಿಗಳು ಕಚ್ಚಿಕೊಂಡು, ಸಣ್ಣ ಗುಂಡಿಯೂ ಒಳಗೆ ಕೂತವರಿಗೆ ತಿಳಿಯುತ್ತದೆ.

ಟೊಯೋಟಾ ಕಂಪನಿ ಬಿಡದಿಯ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್ ಹೊರತಂದಾಗಲೂ ಹಿಂದೆ ಲೀಫ್ ಸ್ಪ್ರಿಂಗೇ ಇತ್ತು. 2005ರಲ್ಲಿ ಅದರ ಜಾಗಕ್ಕೆ ಬಂದ ಇನ್ನೋವಾದಲ್ಲಿ ಹಿಂದೆಯೂ ಕಾಯಿಲ್ ಸ್ಪ್ರಿಂಗ್, ಅಂದರೆ ಸುರುಳಿ ಸ್ಪ್ರಿಂಗ್ ಬಂತು. ಕಾಯಿಲ್‌ನಲ್ಲಿ ಪಟ್ಟಿಗಳ ಉಜ್ಜಾಟವಿಲ್ಲ. ಕುಣಿತ ನಿಲ್ಲಿಸುವ ಕೆಲಸ ಪೂರ್ತಿ ಶಾಕ್ ಅಬ್ಸಾರ್ಬರ್‌ನದು. ಹಾಸನ, ಬೇಲೂರು ಕಡೆಗೆ ಪ್ರವಾಸಿಗರನ್ನು ಕರೆತರುವ ಬಾಡಿಗೆ ಗಾಡಿಗಳಲ್ಲಿ ಇನ್ನೋವಾ ಇಷ್ಟು ಬೇರೂರಲು ಹಿಂದಿನ ಸೀಟಿನ ಈ ಸುಖವೂ ಒಂದು ಕಾರಣ.

ಅಂಬಾಸಿಡರ್ ತಯಾರಿಕೆ 2014ರ ಮೇನಲ್ಲಿ ನಿಂತಿತು. ಹಳೆಯ ಎಸ್ಟೇಟನ್ನು ಮನೆಯಲ್ಲಿ ಉಳಿಸಿಕೊಂಡವರು ಈಗ ಸ್ಪ್ರಿಂಗ್ ಬದಲಿಸುವುದಾದರೆ ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ: ವರ್ಷದ ಬಹುಪಾಲು ದಿನ ಕಾರಿನಲ್ಲಿ ಎಷ್ಟು ಭಾರ ಇರುತ್ತದೆ? ಮನೆಮಂದಿಯಷ್ಟೇ ಆದರೆ ಕಂಪನಿ ಕೊಟ್ಟ ಮೂಲ ಅಳತೆಯ ಸ್ಪ್ರಿಂಗೇ ಸಾಕು, ಹೆಚ್ಚುವರಿ ಪ್ಲೇಟ್ ಬೇಡ. ಅದಕ್ಕೂ ಮುಂಚೆ ಸ್ಪ್ರಿಂಗಿನ ತುದಿಗಳಲ್ಲಿರುವ ರಬ್ಬರ್ ಬುಷ್ ನೋಡಿಸಿ. ಬಿರಿದ ಬುಷ್‌ನ ಸದ್ದನ್ನು ಸ್ಪ್ರಿಂಗಿನ ತಪ್ಪೆಂದು ತಿಳಿಯುವವರೇ ಹೆಚ್ಚು. ಕಾರಿನ ಮೂಲೆಯನ್ನು ಒತ್ತಿ ಬಿಟ್ಟಾಗ ಅದು ಮತ್ತೆ ಮತ್ತೆ ಕುಣಿದರೆ, ಅಥವಾ ಶಾಕ್ ಅಬ್ಸಾರ್ಬರ್ ಮೇಲೆ ಎಣ್ಣೆ ಜಿನುಗಿದ್ದರೆ, ಅದನ್ನು ಬದಲಿಸಿ. ಒಂದು ಬದಿಯದನ್ನಷ್ಟೇ ಅಲ್ಲ, ಜೋಡಿಯಾಗಿ. ಟೈರಿಗೆ ಹೇಳಿದಷ್ಟೇ ಗಾಳಿ ಹಿಡಿಸಿ. ಇಷ್ಟಾದ ಮೇಲೂ ಬೆನ್ನು ನೋಯುತ್ತಿದ್ದರೆ ಮಾತ್ರ ಹೊಸ ಸ್ಪ್ರಿಂಗಿಗೆ ದುಡ್ಡು ಹಾಕಿ.