ಆತ್ಮಸಾಕ್ಷಿಯ ಮತ: 1969ರ ರಾಷ್ಟ್ರಪತಿ ಚುನಾವಣೆ

ಭಾರತದ ರಾಷ್ಟ್ರಪತಿಯನ್ನು ಸಂಸತ್ತಿನ ಉಭಯ ಸದನಗಳ ಹಾಗೂ ವಿಧಾನಸಭೆಗಳ ಚುನಾಯಿತ ಸದಸ್ಯರು ರಹಸ್ಯ ಮತದಾನದ ಮೂಲಕ ಆಯ್ಕೆ ಮಾಡುತ್ತಾರೆ. ಪಕ್ಷಗಳು ಅಭ್ಯರ್ಥಿಗೆ ಬೆಂಬಲ ಘೋಷಿಸಬಹುದಾದರೂ ಆ ಘೋಷಣೆಗೆ ಮನವಿಯ ಬಲವಷ್ಟೇ ಇರುತ್ತದೆ. ಈ ಮಿತಿ ಅತ್ಯಂತ ಸ್ಪಷ್ಟವಾಗಿ ಬಯಲಾದದ್ದು 1969ರಲ್ಲಿ.

ಬೆಂಗಳೂರಿನ ಅಧಿವೇಶನ

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ನಿಧನರಾದರು. ಉತ್ತರಾಧಿಕಾರಿಯ ಪ್ರಶ್ನೆ ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನದಲ್ಲಿ ಭುಗಿಲೆದ್ದಿತು. ಪ್ರಧಾನಿ ಇಂದಿರಾ ಗಾಂಧಿ ಜಗಜೀವನರಾಂ ಅವರ ಹೆಸರನ್ನು ಮುಂದಿಟ್ಟರು. ಸಂಸದೀಯ ಮಂಡಳಿಯ ಬಹುಮತ ನೀಲಂ ಸಂಜೀವ ರೆಡ್ಡಿ ಅವರ ಪರವಾಗಿತ್ತು. ಪಕ್ಷದ ಅಧ್ಯಕ್ಷರಾಗಿದ್ದವರು ಮೈಸೂರು ರಾಜ್ಯದ ಮಾಜಿ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ.

ಹಿಂದೆ ಮೈಸೂರು ರಾಜ್ಯಪಾಲರಾಗಿದ್ದ ವಿ.ವಿ. ಗಿರಿ ಜುಲೈ 20ರಂದು ಉಪರಾಷ್ಟ್ರಪತಿ ಸ್ಥಾನ ತ್ಯಜಿಸಿ ಪಕ್ಷೇತರರಾಗಿ ಕಣಕ್ಕಿಳಿದರು. ಮೂರನೆಯ ಪ್ರಮುಖ ಅಭ್ಯರ್ಥಿ ಮಾಜಿ ಅರ್ಥ ಸಚಿವ ಸಿ.ಡಿ. ದೇಶಮುಖ್.

ಬೆಂಬಲದ ಲೆಕ್ಕಾಚಾರ

ಎಡಪಕ್ಷಗಳು ಹಾಗೂ ಡಿಎಂಕೆ ಗಿರಿ ಅವರ ಬೆನ್ನಿಗೆ ನಿಂತವು. ಜನಸಂಘ ಮತ್ತು ಸ್ವತಂತ್ರ ಪಕ್ಷಗಳು ದೇಶಮುಖ್ ಅವರನ್ನು ಬೆಂಬಲಿಸಿದವು. ಆ ಪಕ್ಷಗಳ ಎರಡನೆಯ ಪ್ರಾಶಸ್ತ್ಯದ ಮತಗಳನ್ನು ರೆಡ್ಡಿ ಅವರಿಗೆ ಕೊಡಿಸಲು ನಿಜಲಿಂಗಪ್ಪ ಅವುಗಳ ನಾಯಕರೊಡನೆ ಮಾತುಕತೆ ನಡೆಸಿದರು. ಇಂದಿರಾ ಬಣಕ್ಕೆ ಇದೇ ಅಸ್ತ್ರವಾಯಿತು. ರೆಡ್ಡಿ ಅವರ ನಾಮಪತ್ರಕ್ಕೆ ಸ್ವತಃ ಸಹಿ ಹಾಕಿದ್ದ ಪ್ರಧಾನಿ, ವಿಪ್ ಹೊರಡಿಸಲು ಒಪ್ಪದೆ, ಆತ್ಮಸಾಕ್ಷಿಯಂತೆ ಮತ ನೀಡಬಹುದೆಂಬ ನಿಲುವು ತಳೆದರು. ಗಿರಿ ಅವರ ಹೆಸರೆತ್ತದೆಯೇ ಸಂದೇಶ ತಲುಪಬೇಕಾದವರಿಗೆ ತಲುಪಿತು.

ಫಲಿತಾಂಶ

ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಮೊದಲ ಪ್ರಾಶಸ್ತ್ಯದ ಮತಮೌಲ್ಯ ಹೀಗಿತ್ತು:

ವಿ.ವಿ. ಗಿರಿ – 4,01,515
ಸಂಜೀವ ರೆಡ್ಡಿ – 3,13,548
ಸಿ.ಡಿ. ದೇಶಮುಖ್ – 1,12,769

ಗೆಲುವಿಗೆ 4,18,169 ಬೇಕಿದ್ದುದರಿಂದ ಯಾರಿಗೂ ಬಹುಮತ ದೊರೆಯಲಿಲ್ಲ. ಕೆಳಗಿನ ಅಭ್ಯರ್ಥಿಗಳನ್ನು ಕೈಬಿಟ್ಟು ಅವರ ಮತಪತ್ರಗಳ ಮುಂದಿನ ಪ್ರಾಶಸ್ತ್ಯವನ್ನು ಎಣಿಸಲಾಯಿತು. ನಿರೀಕ್ಷೆಯಂತೆ ದೇಶಮುಖ್ ಅವರ ಮತಗಳಲ್ಲಿ ಹೆಚ್ಚಿನವು ರೆಡ್ಡಿ ಅವರಿಗೆ ಹರಿದು ಬಂದವು. ಆದರೂ ಗಿರಿ 4,20,077 ತಲುಪಿದರು. ರೆಡ್ಡಿ 4,05,427ರಲ್ಲಿ ನಿಂತರು. ಅಂತರ 14,650. ನಿಜಲಿಂಗಪ್ಪ ಅವರು ಹೊರಗಿನಿಂದ ಗಳಿಸಿದ ಬೆಂಬಲ ಕೈಗೂಡಿತ್ತು. ಸ್ವಪಕ್ಷದ ಮತಗಳೇ ಕೈತಪ್ಪಿದ್ದವು.

ನಂತರದ ಬೆಳವಣಿಗೆ

ನವೆಂಬರ್ 12ರಂದು ಇಂದಿರಾ ಗಾಂಧಿ ಅವರನ್ನು ಪಕ್ಷದಿಂದ ಉಚ್ಚಾಟಿಸಲಾಯಿತು, ಕಾಂಗ್ರೆಸ್ ಇಬ್ಭಾಗವಾಯಿತು. ರೆಡ್ಡಿ ಅವರ ಚಾರಿತ್ರ್ಯಹನನದ ಕರಪತ್ರವನ್ನು ಮುಂದಿಟ್ಟು ಗಿರಿ ಅವರ ಆಯ್ಕೆಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಯಿತು. ರಾಷ್ಟ್ರಪತಿಯೇ ಸಾಕ್ಷಿ ನುಡಿದ ಆ ಮೊಕದ್ದಮೆ 1970ರಲ್ಲಿ ವಜಾಗೊಂಡಿತು. ಸಂಜೀವ ರೆಡ್ಡಿ 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದರು.

ಪಕ್ಷದ ಗೆರೆ ದಾಟಿದ ಬೆಂಬಲ ಆನಂತರವೂ ಮರುಕಳಿಸಿದೆ. 2007ರಲ್ಲಿ ಎನ್‌ಡಿಎ ಮಿತ್ರಪಕ್ಷ ಶಿವಸೇನೆ ಪ್ರತಿಭಾ ಪಾಟೀಲ್ ಅವರನ್ನು, 2012ರಲ್ಲಿ ಶಿವಸೇನೆ ಹಾಗೂ ಜೆಡಿಯು ಪ್ರಣವ್ ಮುಖರ್ಜಿ ಅವರನ್ನು ಬೆಂಬಲಿಸಿದವು. 2022ರಲ್ಲಿ ಎನ್‌ಡಿಎ ಅಭ್ಯರ್ಥಿ ದ್ರೌಪದಿ ಮುರ್ಮು ಅವರಿಗೆ, ಆಗ ಆ ಕೂಟದ ಹೊರಗಿದ್ದ ಕರ್ನಾಟಕದ ಜೆಡಿಎಸ್ ಬೆಂಬಲ ಘೋಷಿಸಿತು. ಆದರೆ ಆಳುವ ಪಕ್ಷದ ಅಧಿಕೃತ ಅಭ್ಯರ್ಥಿ ಸೋತದ್ದು 1969ರಲ್ಲಿ ಮಾತ್ರ.