ವಿಮಾನ ನೆಲಕ್ಕಪ್ಪಳಿಸಿದಾಗ ಬದುಕುಳಿಯುವುದು ಹೇಗೆ?

ಬೆಂಗಳೂರಿನ ಹೆಬ್ಬಾಳ ಕೆಂಪಾಪುರದಲ್ಲಿ ನೆಲೆಸಿರುವ ನಮ್ಮ ಕರಾವಳಿಯ ಕುಟುಂಬಗಳಿಗೆ ದೇವನಹಳ್ಳಿಗೆ ಹೋಗುವ ಬಳ್ಳಾರಿ ರಸ್ತೆ ಮನೆಯ ಪಕ್ಕದ್ದೇ. ಹಬ್ಬಕ್ಕೆ ಊರಿಗೆ, ಮಕ್ಕಳನ್ನು ನೋಡಲು ಕೊಲ್ಲಿ ನಾಡಿಗೆ ವಿಮಾನ ಹತ್ತುವುದು ಇದ್ದದ್ದೇ. ವಿಮಾನ ಬಿದ್ದರೆ ಯಾರೂ ಉಳಿಯುವುದಿಲ್ಲ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇಳಿಯುವಾಗ ನಡೆಯುವ ಅಪಘಾತಗಳ ಮಟ್ಟಿಗೆ ಅದು ನಿಜವಲ್ಲ.

1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಎ-320 ವಿಮಾನವು ಬೆಂಗಳೂರಿನ ಎಚ್.ಎ.ಎಲ್. ನಿಲ್ದಾಣದ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಡಿದು, ದಿಣ್ಣೆಗೆ ಅಪ್ಪಳಿಸಿ ಹೊತ್ತಿ ಉರಿಯಿತು. 146 ಮಂದಿಯಲ್ಲಿ 92 ಮಂದಿ ತೀರಿಕೊಂಡರು, 54 ಮಂದಿ ಬದುಕಿದರು.

2010ರ ಮೇ 22ರ ಬೆಳಿಗ್ಗೆಯನ್ನು ಮಂಗಳೂರಿನವರಾದ ನಾವು ಮರೆಯುವಂತಿಲ್ಲ. ದುಬೈಯಿಂದ ಬಂದ ವಿಮಾನ ಬಜಪೆಯ ರನ್‌ವೇ ದಾಟಿ ಕಮರಿಗೆ ಬಿತ್ತು. 166 ಮಂದಿಯಲ್ಲಿ ಉಳಿದವರು ಎಂಟೇ ಮಂದಿ. ವಿಮಾನದ ಒಡಲು ಬಿರಿದ ಕಡೆಯಿಂದ ಹೊರಗೆ ಹಾರಿದವರೇ ಅವರಲ್ಲಿ ಹೆಚ್ಚು. 2020ರ ಆಗಸ್ಟ್ 7ರಂದು ಕೋಯಿಕ್ಕೋಡ್‌ನಲ್ಲೂ ವಿಮಾನ ಹೀಗೆಯೇ ಗುಡ್ಡದ ಮೇಲಿನ ರನ್‌ವೇಯಿಂದ ಕೆಳಗೆ ಜಾರಿ ತುಂಡಾಯಿತು. ಅಲ್ಲಿ ಬೆಂಕಿ ಹತ್ತಲಿಲ್ಲ. 190 ಮಂದಿಯಲ್ಲಿ 21 ಮಂದಿ ತೀರಿಕೊಂಡರು. ಎರಡರ ನಡುವಿನ ದೊಡ್ಡ ವ್ಯತ್ಯಾಸ ಬೆಂಕಿ.

ಬಡಿತದಲ್ಲಿ ಉಳಿದವರನ್ನೂ ಹೊಗೆ ಕೊಲ್ಲುತ್ತದೆ. ಅರ್ಧದಷ್ಟು ಬಾಗಿಲುಗಳಿಂದಲೇ 90 ಸೆಕೆಂಡಿನಲ್ಲಿ ಎಲ್ಲರೂ ಹೊರಬರುವಂತಿರಬೇಕು ಎಂಬುದು ವಿಮಾನ ತಯಾರಕರಿಗಿರುವ ನಿಯಮ. ಆದ್ದರಿಂದ ಕೂತ ಕೂಡಲೇ ಹಿಂದೆ, ಮುಂದೆ ಎರಡೂ ಕಡೆಯ ಬಾಗಿಲಿಗೆ ಎಷ್ಟು ಸಾಲು ಎಂದು ಎಣಿಸಿಕೊಳ್ಳಿ. ಹೊಗೆಯಲ್ಲಿ ಕಣ್ಣು ಕಾಣದು, ಸೀಟುಗಳನ್ನು ಮುಟ್ಟಿ ಎಣಿಸುತ್ತಾ ಬಗ್ಗಿ ಸಾಗಬೇಕು. ಏರುವಾಗ, ಇಳಿಯುವಾಗ ಚಪ್ಪಲಿ, ಬೂಟು ಕಳಚಬೇಡಿ. ಬೆಲ್ಟ್ ಹೊಟ್ಟೆಯ ಮೇಲಲ್ಲ, ಸೊಂಟದ ಕೆಳಗೆ ಬಿಗಿಯಾಗಿರಲಿ. ಗಾಬರಿಯಲ್ಲಿ ಕಾರಿನ ಬೆಲ್ಟಿನಂತೆ ಗುಂಡಿ ಹುಡುಕಿದವರಿದ್ದಾರೆ. ವಿಮಾನದ್ದು ಮೇಲಕ್ಕೆತ್ತಿ ಬಿಚ್ಚುವಂಥದ್ದು. ಜಪಸರ ಹಿಡಿದು ಪ್ರಾರ್ಥಿಸುವವರೂ ಗಗನಸಖಿಯ ಸೂಚನೆಯನ್ನು ಒಮ್ಮೆ ಕಣ್ಣೆತ್ತಿ ನೋಡಲಿ.

ಅಪ್ಪಳಿಸುವ ಎಚ್ಚರಿಕೆ ಬಂದರೆ ಪಾದಗಳನ್ನು ನೆಲಕ್ಕೆ ಊರಿ, ಮುಂದಿನ ಸೀಟಿಗೆ ತಲೆಯಾನಿಸಿ, ಕೈಗಳಿಂದ ತಲೆಯನ್ನು ಮರೆಮಾಡಿ ಬಗ್ಗಬೇಕು.

ಸಮುದ್ರದ ಮೇಲೆ ಹಾರುವ ನಮ್ಮವರಿಗೆ ಇನ್ನೊಂದು ಮಾತು. 1996ರಲ್ಲಿ ಅಪಹರಣಕ್ಕೊಳಗಾದ ಇಥಿಯೋಪಿಯಾದ ವಿಮಾನ ಕೊಮೊರೋಸ್ ಬಳಿ ನೀರಿಗಿಳಿದಾಗ, ಒಳಗೇ ಜೀವರಕ್ಷಕ ಜಾಕೆಟ್‌ಗೆ ಗಾಳಿ ತುಂಬಿಸಿಕೊಂಡ ಅನೇಕರು ಹೊರಬರಲಾಗದೆ ಮುಳುಗಿದರು. ಬಾಗಿಲು ದಾಟಿದ ಮೇಲೆಯೇ ಗಾಳಿ ತುಂಬಿಸಬೇಕು.

ಚೀಲವನ್ನಂತೂ ಬಿಟ್ಟೇ ಹೊರಡಬೇಕು. 2024ರ ಜನವರಿ 2ರಂದು ಟೋಕಿಯೋದಲ್ಲಿ ಉರಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನದಿಂದ 379 ಮಂದಿಯೂ ಜೀವಂತವಾಗಿ ಹೊರಬಂದರು; ಸಾಮಾನು ಬಿಟ್ಟು ಬನ್ನಿ ಎಂಬ ಮಾತನ್ನು ಕೇಳಿದ್ದು ಅದಕ್ಕೆ ಒಂದು ಕಾರಣ. ಪವಿತ್ರ ನಾಡಿನ ಯಾತ್ರೆಗೆ ಗುಂಪು ಕರೆದೊಯ್ಯುವ ಗುರುಗಳು, ಮುಖಂಡರು ಹೊರಡುವ ಮುನ್ನಾದಿನವೇ ಇದನ್ನು ಹೇಳಿರಲಿ, ಪ್ರತಿ ವೃದ್ಧರ ಪಕ್ಕ ಗಟ್ಟಿಮುಟ್ಟಾದ ಒಬ್ಬರನ್ನು ಕೂರಿಸಲಿ.