ಹಳೆಯ ಬೂಟಿನ ಕಪ್ಪು

ಬ್ರಿಟನ್ನಿನಲ್ಲಿ 1968ರಲ್ಲಿ ‘ಸೀಲ್ಡ್ ನಾಟ್’ ಎಂಬ ಸಂಘವೊಂದು ಹುಟ್ಟಿಕೊಂಡಿತು. 17ನೆಯ ಶತಮಾನದ ಇಂಗ್ಲೆಂಡಿನ ಅಂತರ್ಯುದ್ಧದ ಕಾಳಗಗಳನ್ನು ಬಯಲಿನಲ್ಲಿ ಮತ್ತೆ ಆಡಿ ತೋರಿಸುವುದು ಇದರ ಕೆಲಸ. ಇಂತಹ ಸಂಘಗಳು ಯುರೋಪ್, ಅಮೆರಿಕಗಳಲ್ಲಿ ಹಲವಾರಿವೆ. ನಮಗೆ ಇದು ವಿಚಿತ್ರ ಹವ್ಯಾಸವೆಂದು ತೋರಬಹುದು. ಆದರೆ ಅವರಲ್ಲಿ ಶ್ರದ್ಧೆಯುಳ್ಳವರು ಉಡುಪಿನ ಬಟ್ಟೆ, ಗುಂಡಿ, ಹೊಲಿಗೆ ಎಲ್ಲವೂ ಆ ಕಾಲದಂತೆಯೇ ಇರಬೇಕೆಂದು ಹಟ ಹಿಡಿಯುತ್ತಾರೆ. ಬೂಟಿನ ಆಕಾರವನ್ನೂ ಹೊಲಿಗೆಯನ್ನೂ ಉತ್ಖನನದಲ್ಲಿ ದೊರೆತ ಮಾದರಿಗಳನ್ನು ನೋಡಿ ಅನುಸರಿಸಬಹುದು. ತೊಡಕು ಬರುವುದು ಬಣ್ಣದಲ್ಲಿ. ಅಂಗಡಿಯ ಕಪ್ಪು ಬಣ್ಣವನ್ನು ಬಳಿದರೆ ಬೂಟು ಕಪ್ಪಾಗುತ್ತದೆ, ನಿಜ. ಆದರೆ ಹಿಂದಿನವರ ಕಪ್ಪು ಹೆಚ್ಚಾಗಿ ಮೇಲಿನಿಂದ ಬಳಿದದ್ದಲ್ಲ, ತೊಗಲಿನೊಳಗೇ ಹುಟ್ಟಿಸಿದ್ದು.

ಇದನ್ನು ತಿಳಿಯಲು ಅಡುಗೆಮನೆಗೆ ಹೋದರೆ ಸಾಕು. ಕಬ್ಬಿಣದ ಈಳಿಗೆಮಣೆಯಲ್ಲಿ ನೆಲ್ಲಿಕಾಯಿಯನ್ನೋ ಬಾಳೆಕಾಯಿಯನ್ನೋ ಹೆಚ್ಚಿದರೆ ಹೋಳೂ ಬೆರಳೂ ಕಪ್ಪಾಗುತ್ತವೆ. ನಾಲಿಗೆಗೆ ಒಗರಾಗಿ ತೋರುವ ಟ್ಯಾನಿನ್ ಎಂಬ ಸಂಯುಕ್ತಗಳು ಕಬ್ಬಿಣದೊಡನೆ ಸೇರಿ ಕೊಡುವ ಬಣ್ಣವಿದು. ತುಕ್ಕು ಹಿಡಿಯದ ಉಕ್ಕಿನ ಚಾಕುವಿಗೆ ಈ ಗುಣವಿಲ್ಲದಿರುವುದರಿಂದ ಇಂದಿನ ಮಕ್ಕಳಿಗೆ ಇದು ಅಷ್ಟಾಗಿ ಪರಿಚಯವಿಲ್ಲ.

ಯುರೋಪಿನಲ್ಲಿ ದನದ ಚರ್ಮವನ್ನು ಓಕ್ ಮರದ ತೊಗಟೆಯ ನೀರಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ನೆನೆಹಾಕಿ ಹದ ಮಾಡುತ್ತಿದ್ದರು. ದಕ್ಷಿಣ ಭಾರತದಲ್ಲಿ ಇದೇ ಕೆಲಸಕ್ಕೆ ತಂಗಡಿ ಗಿಡದ ತೊಗಟೆ, ಅಳಲೆಕಾಯಿಗಳು ಬಳಕೆಯಲ್ಲಿದ್ದವು. ಟ್ಯಾನಿನ್ ಅಣುಗಳು ಚರ್ಮದ ಕೊಲ್ಯಾಜೆನ್ ಎಳೆಗಳಿಗೆ ಅಂಟಿ ಅದನ್ನು ಕೊಳೆಯದ ತೊಗಲಾಗಿ ಮಾಡುತ್ತವೆ. ಹೀಗೆ ಸಿದ್ಧವಾದ ತೊಗಲು ಟ್ಯಾನಿನ್ನಿನ ಉಗ್ರಾಣವೇ ಸರಿ. ಇನ್ನು ಬೇಕಾದದ್ದು ಕಬ್ಬಿಣ ಮಾತ್ರ. ತುಕ್ಕು ಹಿಡಿದ ಮೊಳೆಗಳನ್ನು ವಿನೆಗರಿನಲ್ಲಿ ಹಾಕಿಟ್ಟರೆ ಕೆಲವು ದಿನಗಳಲ್ಲಿ ಕಬ್ಬಿಣದ ಅಸಿಟೇಟ್ ದ್ರಾವಣ ದೊರೆಯುತ್ತದೆ. ಈ ಪೇಲವ ನೀರನ್ನು ಕಂದು ತೊಗಲಿಗೆ ಸವರಿದರೆ ನೋಡುತ್ತಿದ್ದಂತೆಯೇ ಅದು ಬೂದು, ನೀಲಿಗಪ್ಪು, ಕೊನೆಗೆ ಕಪ್ಪಾಗುತ್ತದೆ. ಬಳಿದ ದ್ರಾವಣದಲ್ಲಿ ಇಲ್ಲದ ಬಣ್ಣ ತೊಗಲಿನಲ್ಲಿ ಕಾಣಿಸಿಕೊಳ್ಳುತ್ತದೆ!

ಇಲ್ಲಿ ನಡೆಯುವುದೇನು? ದ್ರಾವಣದ ಫೆರಸ್ ಕಬ್ಬಿಣವು ಗಾಳಿಯ ಆಕ್ಸಿಜನ್‌ನಿಂದ ಫೆರಿಕ್ ಸ್ಥಿತಿಗೆ ಏರಿ, ಟ್ಯಾನಿನ್ನಿನ ಆಕ್ಸಿಜನ್ ಪರಮಾಣುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಈ ಜಟಿಲ ಸಂಯುಕ್ತದಲ್ಲಿ ಟ್ಯಾನಿನ್ನಿನ ಕಡೆಯ ಇಲೆಕ್ಟ್ರಾನೊಂದು ಕಬ್ಬಿಣಕ್ಕೆ ನೆಗೆಯಲು ಬೇಕಾದ ಶಕ್ತಿಯು ದೃಗ್ಗೋಚರ ಬೆಳಕಿನ ಫೋಟಾನುಗಳ ಶಕ್ತಿಗೆ, ಎಂದರೆ ಸುಮಾರು 1.8ರಿಂದ 3 ಇಲೆಕ್ಟ್ರಾನ್ ವೋಲ್ಟ್‌ಗಳ ವ್ಯಾಪ್ತಿಗೆ, ಹೊಂದುತ್ತದೆ. ಹೀರಿಕೆಯ ಪಟ್ಟಿಯೂ ಬಹಳ ಅಗಲ. ಆದ್ದರಿಂದ ಹೆಚ್ಚುಕಡಿಮೆ ಎಲ್ಲ ಬಣ್ಣಗಳೂ ಹೀರಲ್ಪಟ್ಟು ತೊಗಲು ಕಪ್ಪಾಗಿ ಕಾಣುತ್ತದೆ. ಮಾಚಿಕಾಯಿ, ಅಳಲೆಕಾಯಿಗಳ ಟ್ಯಾನಿನ್ ನೀಲಿ ಛಾಯೆಯ ಕಪ್ಪನ್ನೂ ಹಲವು ಮರಗಳ ತೊಗಟೆಯದು ಹಸಿರು ಛಾಯೆಯ ಕಪ್ಪನ್ನೂ ಕೊಡುತ್ತವೆ.

ಈ ವಿದ್ಯೆ ಎಷ್ಟು ಹಳೆಯದು? ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಸಮಯದಲ್ಲಿ ಮಡಿದ ರೋಮಿನ ಪ್ಲಿನಿ ತನ್ನ ‘ನ್ಯಾಚುರಲ್ ಹಿಸ್ಟರಿ’ಯ 34ನೆಯ ಭಾಗದಲ್ಲಿ ‘ಅಟ್ರಾಮೆಂಟಮ್ ಸುಟೋರಿಯಮ್’ ಎಂಬ ಲವಣವನ್ನು ವರ್ಣಿಸಿದ್ದಾನೆ. ಹೆಸರಿನ ಅರ್ಥವೇ ‘ಚಮ್ಮಾರರ ಕಪ್ಪು’. ಸ್ಪೇನಿನ ಬಾವಿ, ಕೊಳಗಳ ನೀರಿನಿಂದ ಪಡೆಯುತ್ತಿದ್ದ ಇದು ತಾಮ್ರ, ಕಬ್ಬಿಣಗಳ ಸಲ್ಫೇಟುಗಳ ಮಿಶ್ರಣವಾಗಿದ್ದಿರಬೇಕು. ಕಪ್ಪು ಮಾಡುವ ಗುಣ ಅದರ ಕಬ್ಬಿಣದ್ದು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಬೆಲೆಬಾಳುವ ತಾಮ್ರದ ಕಿಲುಬಿಗೆ ವ್ಯಾಪಾರಿಗಳು ಈ ಅಗ್ಗದ ಲವಣವನ್ನು ಬೆರೆಸುತ್ತಿದ್ದರು. ಮೋಸ ಹಿಡಿಯಲು ಪ್ಲಿನಿ ಕೊಡುವ ಉಪಾಯ: ಮಾಚಿಕಾಯಿ ರಸದಲ್ಲಿ ನೆನೆಸಿದ ಪಪೈರಸ್ ಹಾಳೆಗೆ ಕಿಲುಬನ್ನು ಸವರಿ, ಕಲಬೆರಕೆಯಿದ್ದರೆ ಹಾಳೆ ಕೂಡಲೇ ಕಪ್ಪಾಗುತ್ತದೆ. ಬರಹದಲ್ಲಿ ಉಳಿದುಬಂದಿರುವ ಅತಿ ಹಳೆಯ ರಾಸಾಯನಿಕ ಪರೀಕ್ಷೆಗಳಲ್ಲಿ ಇದೊಂದು. ನಮ್ಮ ಲಿಟ್ಮಸ್ ಕಾಗದದ ಪೂರ್ವಜ ಚಮ್ಮಾರನ ಅಂಗಡಿಗೆ ಇಷ್ಟು ಹತ್ತಿರದವನು ಎಂಬುದನ್ನು ಪಠ್ಯಪುಸ್ತಕಗಳು ಹೇಳಬೇಕಿತ್ತು.

ಇಂದು ಹಳೆಯ ವಿಧಾನವನ್ನು ಅನುಸರಿಸಲು ಹೊರಟವರು ಎಡವುವುದು ತೊಗಲಿನ ಆಯ್ಕೆಯಲ್ಲಿ. 1858ರಲ್ಲಿ ಜರ್ಮನಿಯ ಕ್ನಾಪ್ ಕ್ರೋಮಿಯಂ ಲವಣಗಳಿಂದ ಚರ್ಮ ಹದ ಮಾಡುವುದನ್ನು ವಿವರಿಸಿದ; ಶತಮಾನದ ಕೊನೆಯ ಹೊತ್ತಿಗೆ ಅದು ಕೈಗಾರಿಕೆಯಾಯಿತು. ತಿಂಗಳುಗಳ ಕೆಲಸ ದಿನಗಳಲ್ಲಿ ಮುಗಿಯುವುದರಿಂದ ಈಗ ಪ್ರಪಂಚದ ಹೆಚ್ಚಿನ ತೊಗಲು ಕ್ರೋಮಿಯಂನದೇ. ಅದರಲ್ಲಿ ಟ್ಯಾನಿನ್ ಇಲ್ಲ. ಕಬ್ಬಿಣದ ನೀರನ್ನು ಎಷ್ಟು ಸವರಿದರೂ ಕೊಳೆ ಹಿಡಿದಂತೆ ಕಾಣುತ್ತದೆಯೇ ಹೊರತು ಕಪ್ಪಾಗದು. ಇದನ್ನು ಶಾಲೆಯಲ್ಲೇ ತೋರಿಸಬಹುದು. ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿಗಳ ತೊಗಲನ್ನು ಸಾಂಪ್ರದಾಯಿಕವಾಗಿ ತೊಗಟೆ, ಅಳಲೆಕಾಯಿಗಳಿಂದ ಹದ ಮಾಡುತ್ತಾರೆ. ಅಂತಹ ತೊಗಲಿನ ಚೂರೊಂದು, ಬಣ್ಣ ಹಾಕದ ಕ್ರೋಮಿಯಂ ತೊಗಲಿನ ಚೂರೊಂದು, ಮೊಳೆ ನೆನೆಸಿದ ವಿನೆಗರ್ ಇದ್ದರೆ ಸಾಕು. ಮೊಳೆ ನೆನೆಸಿದ ಸೀಸೆಯ ಮುಚ್ಚಳವನ್ನು ಬಿಗಿಯಬೇಡಿ, ಹೈಡ್ರೊಜನ್ ಹೊರಬರುತ್ತದೆ.

ವಿನೆಗರಿನ ಬದಲು ಅನ್ನಭೇದಿಯನ್ನು, ಅಂದರೆ ಫೆರಸ್ ಸಲ್ಫೇಟನ್ನು, ಬಳಸಿದರೂ ಕಪ್ಪು ಬರುತ್ತದೆ. ಆದರೆ ಅಸಿಟಿಕ್ ಆಮ್ಲ ಕ್ರಮೇಣ ಆವಿಯಾಗಿ ಹೋದರೆ, ಸಲ್ಫೇಟಿನಿಂದ ಉಂಟಾಗುವ ಸಲ್ಫ್ಯೂರಿಕ್ ಆಮ್ಲ ತೊಗಲಿನಲ್ಲೇ ಉಳಿದು ಎಳೆಗಳನ್ನು ಕಡಿಯುತ್ತದೆ. ಹೆಚ್ಚುವರಿ ಕಬ್ಬಿಣವೂ ಉತ್ಕರ್ಷಣೆಯನ್ನು ಚುರುಕುಗೊಳಿಸುತ್ತದೆ. ಇದೇ ರಸಾಯನದ ಶಾಯಿಯಲ್ಲಿ ಬರೆದ ಯುರೋಪಿನ ಹಳೆಯ ಕಾಗದಗಳು ಅಕ್ಷರವಿದ್ದ ಕಡೆ ತೂತು ಬೀಳುವುದೂ ಹೀಗೆಯೇ. ಅದಕ್ಕೇ ಅನುಭವಸ್ಥರು ಬಣ್ಣ ಬಂದ ಮೇಲೆ ಅಡುಗೆ ಸೋಡದ ತಿಳಿ ನೀರಿನಿಂದ ತೊಳೆದು ಎಣ್ಣೆ ಹಚ್ಚುತ್ತಾರೆ.

ಇಷ್ಟೆಲ್ಲ ಮಾಡಿದ ಮೇಲೂ ಮೂಲ ಪ್ರಶ್ನೆ ಉಳಿಯುತ್ತದೆ: ಆ ಕಾಲದ ಬೂಟು ನಿಜಕ್ಕೂ ಕಪ್ಪಾಗಿತ್ತೆ? ಉತ್ತರ ಇಂಗ್ಲೆಂಡಿನ ವಿಂಡೊಲಾಂಡ ಕೋಟೆಯಲ್ಲಿ ಸಿಕ್ಕ ಸಾವಿರಾರು ರೋಮನ್ ಪಾದರಕ್ಷೆಗಳಲ್ಲಿ, 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ‘ಮೇರಿ ರೋಸ್’ ಹಡಗಿನ ಬೂಟುಗಳಲ್ಲಿ ಇರಬೇಕಲ್ಲವೆ? ಅವು ಕಪ್ಪು ಅಥವಾ ಕಡುಕಂದು, ನಿಜ. ಆದರೆ ಆಕ್ಸಿಜನ್ ಇಲ್ಲದ ಕೆಸರಿನಲ್ಲಿ ಕಬ್ಬಿಣವು ಫೆರಸ್ ರೂಪದಲ್ಲಿ ಕರಗಿ ತೊಗಲಿನೊಳಗೆ ಇಳಿಯುತ್ತದೆ. ಹೊರತೆಗೆದಾಗ ಗಾಳಿ ಸೋಕಿ ಕಪ್ಪಾಗುತ್ತದೆ. ಚಮ್ಮಾರ ಮಾಡುತ್ತಿದ್ದ ಕೆಲಸವನ್ನೇ ನೆಲವೂ ಮಾಡುತ್ತದೆ! ಹೀಗಾಗಿ ಕಂದು ಬೂಟೂ ಕಪ್ಪು ಬೂಟೂ ಹೂತಲ್ಲಿಂದ ಒಂದೇ ಬಣ್ಣದಲ್ಲಿ ಏಳುತ್ತವೆ. ತೊಗಲು ಮುಂದೆ ಹಾಳಾಗದಿರಲೆಂದು ಸಂರಕ್ಷಕರು ಇಡಿಟಿಎ ಅಥವಾ ಸಿಟ್ರೇಟ್ ದ್ರಾವಣದಿಂದ ಕಬ್ಬಿಣವನ್ನು ತೊಳೆದು ತೆಗೆಯುವುದುಂಟು. ಆ ದ್ರಾವಣಕ್ಕೆ ನೆಲದ ಕಬ್ಬಿಣ ಯಾವುದು, ಚಮ್ಮಾರನದು ಯಾವುದು ಎಂಬ ಭೇದವಿಲ್ಲ. ಹಾಗಾಗಿ ಬೂಟಿನ ಬಣ್ಣಕ್ಕೆ ಮರುನಟನೆಯವರು ಬೂಟನ್ನು ಬಿಟ್ಟು ಅಂದಿನ ಚಿತ್ರಗಳನ್ನೂ ಲೆಕ್ಕಪತ್ರಗಳನ್ನೂ ಹುಡುಕಬೇಕಾಗುತ್ತದೆ.